ಚಿಕ್ಕಪ್ಪನ ನೈಟ್ ಹಾಲ್ಟ್ ಅಂಬಲಿ

ನಮ್ಮ ಚಿಕ್ಕಪ್ಪನಿಗೆ ಅವನ ಅಂಬಲಿ ಮಡಕೆಯ ಮೇಲಿರುವಷ್ಟು ಪ್ರೀತಿ ಕಟ್ಟಿಕೊಂಡ ಹೆಂಡತಿಯ ಮೇಲಿಲ್ಲ. ಇದನ್ನು ನಾನು ಹೇಳುತ್ತಿಲ್ಲ, ಚಿಕ್ಕಮ್ಮನೇ ಹೇಳುತ್ತಾಳೆ. ಒಮ್ಮೆ ಸಮಾಧಾನ ಮಾಡಲು ಹೋಗಿ, ಹಾಗೆಲ್ಲ ಅನ್ನಬೇಡ ಚಿಕ್ಕಮ್ಮ, ನಿನ್ನ ಮೇಲೂ ಅಷ್ಟೇ ಪ್ರೀತಿ ಇದೆ ಅಂದೆ. ಅಷ್ಟು ಬೇಡ, ಅದರಲ್ಲಿ ಅರ್ಧ ಇದ್ದಿದ್ದರೂ ಸಾಕಾಗಿತ್ತು ಅಂದಳು. ಮದುವೆಯಾದಾಗಿನಿಂದ ಒಂದು ದಿನವಾದರೂ ಇವಳು ಸರಿಯಾಗಿ ಹೊದ್ದುಕೊಂಡಿದ್ದಾಳೋ ಇಲ್ಲವೋ ಅಂತ ನೋಡಿದ್ದುಂಟಾ? ಮಡಕೆಯ ಬಾಯಿಗೆ ಕಟ್ಟಿದ ಬಟ್ಟೆಯನ್ನು ಮಾತ್ರ ಮಲಗುವ ಮುಂಚೆ ಎರಡು ಸಲ ಮುಟ್ಟಿ ನೋಡುವುದುಂಟು! ಇದೂ ಚಿಕ್ಕಮ್ಮನ ಮಾತೇ.

ಈ ಮಡಕೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕಿರುಗಾವಲಿನ ನಮ್ಮ ಮನೆಗೆ ಅದು ಮುತ್ತಜ್ಜಿಯ ಕಾಲದಿಂದ ಬಂದದ್ದು. ಸಂಜೆ ರಾಗಿ ಹಿಟ್ಟನ್ನು ನೀರಿನಲ್ಲಿ ಕದಡಿ ಗಂಜಿ ಕಾಯಿಸಿ, ಆರಿಸಿ, ಮಡಕೆಗೆ ಹುಯ್ದು ಇಟ್ಟರೆ ಬೆಳಗಾಗುವ ಹೊತ್ತಿಗೆ ಹುಳಿ ಬಂದಿರುತ್ತದೆ. ಅದಕ್ಕೆ ಮಜ್ಜಿಗೆ, ಉಪ್ಪು, ಹೆಚ್ಚಿದ ಸಣ್ಣ ಈರುಳ್ಳಿ, ಒಂದು ಹಸಿಮೆಣಸಿನಕಾಯಿ ಹಾಕಿದರೆ ಮುಗಿಯಿತು, ಅಂಬಲಿ. ನನಗೂ ನಿಮಗೂ ಇಷ್ಟೇ. ಚಿಕ್ಕಪ್ಪನಿಗೆ ಇಷ್ಟೇ ಅಲ್ಲ. ಮಡಕೆಯನ್ನು ಯಾವತ್ತೂ ಪೂರ್ತಿ ಬರಿದು ಮಾಡುವ ಹಾಗಿಲ್ಲ. ತಳದಲ್ಲಿ ಒಂದು ಸೌಟು ಉಳಿಸಿ ಅದರ ಮೇಲೇ ಹೊಸ ಗಂಜಿ ಹುಯ್ಯಬೇಕು. ಸೋಪು, ಬೂದಿ, ಹುಣಸೆಹಣ್ಣು ಯಾವುದೂ ಅದರ ಹೊಟ್ಟೆಯೊಳಗೆ ಇಳಿಯುವ ಹಾಗಿಲ್ಲ. ಆ ಲೆಕ್ಕದಲ್ಲಿ ಮುತ್ತಜ್ಜಿ ಉಳಿಸಿದ ಸೌಟಿನ ಒಂದು ಹನಿಯಾದರೂ ಇವತ್ತಿನ ಲೋಟದಲ್ಲಿ ಇದ್ದೇ ಇದೆ ಅನ್ನುವುದು ಅವನ ವಾದ. ಮುತ್ತಜ್ಜಿಯ ಫೋಟೋ ನಮ್ಮ ಮನೆಯಲ್ಲಿಲ್ಲ. ಇರುವುದು ಆ ಒಂದು ಹನಿ ಮಾತ್ರ.

ಚಿಕ್ಕಪ್ಪ ಮೂವತ್ತು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ನಾನು ಹೈಸ್ಕೂಲಿಗೆ ಮಳವಳ್ಳಿಗೆ ಹೋಗುತ್ತಿದ್ದದ್ದೂ ಅವನ ಬಸ್ಸಿನಲ್ಲೇ. ನಮ್ಮಪ್ಪ ನಾನು ಚಿಕ್ಕವಳಿದ್ದಾಗಲೇ ಹೋಗಿಬಿಟ್ಟಿದ್ದರಿಂದ ನನ್ನನ್ನು ಶಾಲೆಗೆ ಮುಟ್ಟಿಸುವ ಜವಾಬ್ದಾರಿ ಅವನ ಮೇಲಿತ್ತು. ಬಸ್ಸು ಎಷ್ಟೇ ತುಂಬಿರಲಿ, ನಾನು ಹತ್ತಿದ ಕೂಡಲೇ ಹಿಂದಿನ ಬಾಗಿಲಿನಿಂದ ಒಂದು ಕೂಗು ಬರುತ್ತಿತ್ತು: "ಕೂಸ್ಗೆ ಜಾಗ ಬುಡ್ರೋ!" ಹದಿನಾಲ್ಕು ವರ್ಷದ, ಎರಡು ಜಡೆ ಹಾಕಿದ, ತನ್ನನ್ನು ತಾನು ದೊಡ್ಡ ಮನುಷ್ಯಳೆಂದು ತಿಳಿದ ಹುಡುಗಿಗೆ ಇಡೀ ಬಸ್ಸಿನ ಮುಂದೆ ಕೂಸು ಅನ್ನಿಸಿಕೊಳ್ಳುವುದಕ್ಕಿಂತ ದೊಡ್ಡ ಅವಮಾನ ಯಾವುದಿದೆ? ಮುಂದೆ ಮಂಡ್ಯದ ಕಾಲೇಜಿನಲ್ಲಿ ನಾನು ಲೆಕ್ಚರರ್ ಆದೆ. ಒಂದು ದಿನ ನನ್ನ ವಿದ್ಯಾರ್ಥಿಗಳ ಎದುರಿಗೇ ಅವನು ಹಾಗೆ ಕೂಗಿದಾಗ ಕೋಪ ಬಂತು. ಇನ್ನು ಮೇಲೆ ಹಾಗೆ ಕರೆಯಬೇಡ ಅಂತ ಖಡಾಖಂಡಿತವಾಗಿ ಹೇಳಿದೆ. ಅವನು ಆಯಿತು ಅಂದ. ಅವತ್ತಿನಿಂದ ನಾನು ಅವನಿಗೆ "ಮೇಡಮ್ಮು." ಆ ಮೇಲೆ ಒಂದು ಸಲವೂ ಕೂಸು ಅನ್ನಲಿಲ್ಲ. ಅಂಥ ಹಟಮಾರಿ.

ನಿವೃತ್ತಿಯಾಗಿ ಕೈಯಿಂದ ಚರ್ಮದ ಚೀಲ ಇಳಿದರೂ ಮನಸ್ಸಿನಿಂದ ಕಂಡಕ್ಟರಿಕೆ ಇಳಿಯಲಿಲ್ಲ. ಅಂಬಲಿಗೆ "ನೈಟ್ ಹಾಲ್ಟ್" ಅಂತ ಹೆಸರಿಟ್ಟ. ಕತ್ತಲಾಗುವ ಹೊತ್ತಿಗೆ ಊರಿಗೆ ಬಂದು ನಿಂತು ಬೆಳಗ್ಗೆ ಮೊದಲು ಹೊರಡುವ ಬಸ್ಸಿಗೆ ಹಾಗೆ ಅನ್ನುತ್ತಾರಲ್ಲ, ಅದು. ಒಂದು ನೋಟ್‌ಬುಕ್ಕಿಗೆ ಗೆರೆ ಎಳೆದು ಟ್ರಿಪ್ ಶೀಟು ಮಾಡಿಕೊಂಡ. ತಾರೀಖು, ಹತ್ತಿದ್ದು, ಇಳಿದದ್ದು, ಕೊನೆಯಲ್ಲಿ ಷರಾ. ಹತ್ತಿದ್ದು ಅಂದರೆ ಮಡಕೆಗೆ ಹುಯ್ದ ಹೊತ್ತು, ಇಳಿದದ್ದು ಅಂದರೆ ಬಟ್ಟೆ ಬಿಚ್ಚಿದ ಹೊತ್ತು. ಯಾವತ್ತಾದರೂ ಅಂಬಲಿ ಕೆಟ್ಟರೆ ಅಥವಾ ಆಗದಿದ್ದರೆ ಷರಾದಲ್ಲಿ "ರದ್ದು" ಅಂತ ಬರೆದು ಒಂದೇ ಪದದಲ್ಲಿ ಕಾರಣ ಕೊಡುತ್ತಿದ್ದ. ಒಂದೇ ಪದ, ಅದರ ಮೇಲೆ ಇಲ್ಲ. "ರದ್ದು. ಕಾರಣ: ಬೆಕ್ಕು." "ರದ್ದು. ಕಾರಣ: ಚಳಿ." ಇನ್ನೊಂದು ಕಡೆ, "ರದ್ದು. ಕಾರಣ: ಹೆಂಡತಿ." ಇದನ್ನು ಓದಿದ ದಿನ ಚಿಕ್ಕಮ್ಮ ಅಡಿಗೆಯನ್ನೂ ರದ್ದು ಮಾಡಿದಳಂತೆ.

ಒಂದು ಸಲ ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆ, ಪಾಪ, ವಯಸ್ಸಾದವರಿಗೆ ಸಹಾಯವಾಗಲಿ ಅಂತ ಜಗಲಿಯ ಮೇಲಿದ್ದ ಪಾತ್ರೆಗಳ ಜೊತೆಗೆ ಈ ಮಡಕೆಯನ್ನೂ ತೊಳೆಯಲು ಕೂತಳು. ಚಿಕ್ಕಪ್ಪ ಬಂದು ನೋಡುವ ಹೊತ್ತಿಗೆ ಬಾಯಿಯಿಂದ ಅರ್ಧದವರೆಗೆ ಸೋಪಿನ ನೊರೆ. ಬೈಯಲಿಲ್ಲ. ಮಡಕೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಒಳಗೆ ಹೋದನಂತೆ, ಅಪಘಾತವಾದವರನ್ನು ಎತ್ತಿಕೊಂಡು ಹೋಗುವ ಹಾಗೆ. ತಳದಲ್ಲಿ ಅಂಟಿಕೊಂಡಿದ್ದ ಚೂರಿಗೆ ಗಂಜಿ ಕೊಟ್ಟು, ಬೆಚ್ಚಗೆ ಗೋಣಿಚೀಲ ಸುತ್ತಿ, ಮೂರು ದಿನ ಆರೈಕೆ ಮಾಡಿ ಬದುಕಿಸಿದ. ಆ ಮೂರು ದಿನ ಅವನು ಸರಿಯಾಗಿ ಊಟ ಮಾಡಲಿಲ್ಲ. ಟ್ರಿಪ್ ಶೀಟಿನಲ್ಲಿ ಮೂರು ಸಾಲು ಒಂದೇ ಷರಾ: "ರದ್ದು. ಕಾರಣ: ಸೋಪು."

ಮಡಕೆ ಒಂದಕ್ಕೇ ನಿಂತಿದ್ದರೆ ನಾವೂ ಸಹಿಸಿಕೊಳ್ಳುತ್ತಿದ್ದೆವು. ಯಾರೋ ಪುಣ್ಯಾತ್ಮರು ಅವನಿಗೆ ಫೋನಿನಲ್ಲಿ ವಿಡಿಯೋ ನೋಡುವುದನ್ನು ಹೇಳಿಕೊಟ್ಟರು. ಅಷ್ಟೇ, ಅಟ್ಟದ ಮೇಲೆ ಗಾಜಿನ ಜಾಡಿಗಳು ಸಾಲಾಗಿ ಬಂದು ನಿಂತವು. ಬೀಟ್‌ರೂಟಿನ ಹುಳಿನೀರು, ಅನಾನಸ್ ಸಿಪ್ಪೆಯದು, ಶುಂಠಿಯದು, ಟೀ ಸೊಪ್ಪಿನ ಡಿಕಾಕ್ಷನ್ನಿನಲ್ಲಿ ದೋಸೆಯ ಹಾಗೆ ತೇಲುವ ಲೋಳೆ ಬೆಳೆಸಿದ ಕೊಂಬುಚಾ. ಒಂದೊಂದಕ್ಕೂ ಬಸ್ಸಿನ ಬೋರ್ಡು! ಎರಡು ದಿನಕ್ಕೆ ಆಗುವುದು "ಮಳವಳ್ಳಿ ಶಟಲ್," ವಾರ ಹಿಡಿಯುವುದು "ಬೆಂಗಳೂರು," ತಿಂಗಳು ಹಿಡಿಯುವ ಕಬ್ಬಿನ ಹಾಲಿನ ವಿನೆಗರ್ "ತಿರುಪತಿ." ಮನೆಗೆ ಹೋದವರಿಗೆ ಕಾಫಿ ಇಲ್ಲ. ಕುಡಿದೇ ಏಳಬೇಕು. ಪೋಸ್ಟ್‌ಮ್ಯಾನ್ ಕಾಗದವನ್ನು ಕಾಂಪೌಂಡಿನ ಆಚೆಯಿಂದಲೇ ಎಸೆಯಲು ಶುರುಮಾಡಿದ. ಲೈನ್‌ಮ್ಯಾನ್ ಮೀಟರನ್ನು ಕಿಟಕಿಯಿಂದ ಬಗ್ಗಿ ಓದತೊಡಗಿದ. ಬಂಡೂರಿನಲ್ಲಿ ಕುರಿ ಸಾಕುವ ಒಬ್ಬ ಸ್ನೇಹಿತ, ಮೇವು ಬಿಟ್ಟಿದ್ದ ಮರಿಗೆ ಚಿಕ್ಕಪ್ಪ ಅಂಬಲಿ ಕುಡಿಸಲು ಹೋದಾಗ, ಕುರಿದೊಡ್ಡಿಯ ಬಾಗಿಲಿಗೆ ಅಡ್ಡ ನಿಂತು, ಬೇಕಿದ್ದರೆ ನಾನು ಕುಡಿಯುತ್ತೇನೆ, ಮರಿಯನ್ನು ಬಿಟ್ಟುಬಿಡು ಅಂದನಂತೆ. ಚಿಕ್ಕಪ್ಪ ಇಬ್ಬರಿಗೂ ಕುಡಿಸಿ ಬಂದ.

ಮದ್ದೂರಿನ ಬೀಗರೂಟವನ್ನು ನಾನು ಮರೆಯುವ ಹಾಗೇ ಇಲ್ಲ. ಮಾಂಸದೂಟ ಆದ ಮೇಲೆ ಎಲ್ಲರಿಗೂ ಅರಗಲಿ ಅಂತ ಚಿಕ್ಕಪ್ಪ ಒಂದು ದೊಡ್ಡ ಬಾಟಲಿ ತುಂಬ ಕಬ್ಬಿನ ಹಾಲು, ಶುಂಠಿ, ನಿಂಬೆ ಸೇರಿಸಿ ನಾಲ್ಕು ದಿನ ಇಟ್ಟದ್ದನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ. ಮಳವಳ್ಳಿಯಿಂದ ಹೊರಟ ಬಸ್ಸು, ಕಾಲಿಡಲು ಜಾಗವಿಲ್ಲ, ಪಕ್ಕದಲ್ಲಿ ರೇಷ್ಮೆ ಸೀರೆ ಉಟ್ಟ ನಾನು. ಒಂದು ಹಂಪಿನ ಮೇಲೆ ಬಸ್ಸು ಎಗರಿತು ನೋಡಿ, ಢಮ್! ಡ್ರೈವರು ಗಕ್ಕನೆ ನಿಲ್ಲಿಸಿದ. ಟೈರು ಹೋಯಿತು ಅಂತ ಅರ್ಧ ಬಸ್ಸು ಕೆಳಗಿಳಿಯಿತು. ಎಲ್ಲ ಗೊತ್ತಿದ್ದ ಚಿಕ್ಕಪ್ಪನೂ ಇಳಿದ! ಇಳಿದು, ಒಂದೊಂದು ಟೈರನ್ನೂ ಕಾಲಿನಿಂದ ಒದ್ದು ನೋಡಿ, ಎಲ್ಲ ಸರಿಯಾಗಿದೆ ಅಂತ ಡ್ರೈವರಿಗೆ ಹೇಳಿ, ರೈಟ್ ಕೊಟ್ಟು ಹತ್ತಿದ. ನಾನು ಮದ್ದೂರಿನ ಚೌಲ್ಟ್ರಿಗೆ ಹುಳಿಗಬ್ಬಿನ ವಾಸನೆ ಬೀರುತ್ತ ಪ್ರವೇಶ ಮಾಡಿದೆ. ಅವತ್ತಿನ ಷರಾ: "ಮದ್ದೂರು ಮುಟ್ಟಲಿಲ್ಲ. ಕಾರಣ: ಅವಸರ."

ಇನ್ನೊಂದು ಸಲ ಬೆಂಗಳೂರಿಗೆ ಹೋಗುವಾಗ ನಿಡಘಟ್ಟದ ಹತ್ತಿರ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ನಿಲ್ಲಿಸಿದೆವು. ಫ್ರಿಜ್ಜಿನಲ್ಲಿ ಚಂದದ ಬಾಟಲಿಯಲ್ಲಿ ಕೊಂಬುಚಾ ಇತ್ತು. ಚಿಕ್ಕಪ್ಪನಿಗೆ ಪರವೂರಿನಲ್ಲಿ ನೆಂಟರು ಸಿಕ್ಕಷ್ಟು ಸಂತೋಷ. ಮೇಲಿನ ಚೀಟಿಯನ್ನು ನನ್ನ ಕೈಯಲ್ಲಿ ಓದಿಸಿದ. ಕೆಡದಿರಲಿ ಅಂತ ಬಿಸಿ ಮಾಡಿ ತುಂಬಿದ್ದಾರೆ ಅಂತ ಬರೆದಿದೆ ಅಂದೆ. ಬಾಟಲಿಯನ್ನು ಹಾಗೇ ವಾಪಸ್ಸು ಇಟ್ಟುಬಿಟ್ಟ. "ಕಾಯ್ಸುದ್ಮೇಲೆ ಏನದೆ ಅದ್ರಲ್ಲಿ? ಹೆಣ ಕಣಮ್ಮ ಅದು" ಅಂದ. ಅಂಬಲಿ ಅಂದರೆ ಅವನಿಗೆ ಜೀವ ಇರುವ ವಸ್ತು. ಅದನ್ನು ಒಲೆಯ ಮೇಲಿಡುವುದು ಕೊಲೆಗೆ ಸಮ.

ಇಲ್ಲಿಯವರೆಗೆ ನಕ್ಕಿದ್ದೀರಿ. ನಾನೂ ಇಷ್ಟು ವರ್ಷ ಹೀಗೇ ನಗುತ್ತ, ಸ್ಟಾಫ್ ರೂಮಿನಲ್ಲಿ ಅವನ ಕಥೆ ಹೇಳಿ ಎಲ್ಲರನ್ನೂ ನಗಿಸುತ್ತ ಇದ್ದೆ. ಹೋದ ವರ್ಷ ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಿತು. ಮೈಸೂರಿನ ಆಸ್ಪತ್ರೆಯಲ್ಲಿ ಪರೀಕ್ಷೆಗಳೆಲ್ಲ ಆಗಿ, ಕ್ಯಾನ್ಸರ್ ಅಂತ ಗೊತ್ತಾಗಿ, ಆಪರೇಷನ್ ಮುಗಿಸಿ, ಆರು ಸುತ್ತು ಕೀಮೋ ಅಂದರು. ನನಗೆ ಭಯವಾಯಿತು. ಧೈರ್ಯವಾಗಿದ್ದೆ ಅಂತ ಬರೆಯಬಹುದು, ಆದರೆ ಇರಲಿಲ್ಲ.

ಮೊದಲ ಸುತ್ತು ಮುಗಿಸಿ ಮನೆಗೆ ಬಂದ ಮೂರನೇ ದಿನ ಚಿಕ್ಕಪ್ಪ ಐದು ಲೀಟರಿನ ಹಾಲಿನ ಕ್ಯಾನು ಹಿಡಿದು ಮಂಡ್ಯಕ್ಕೆ ಬಂದ. ಕ್ಯಾನಿನಲ್ಲಿ ಏನಿತ್ತು ಅಂತ ಬೇರೆ ಹೇಳಬೇಕೆ? ನಮ್ಮ ಯಜಮಾನರು ಆಸ್ಪತ್ರೆಯಲ್ಲಿ ಕೊಟ್ಟಿದ್ದ ಹಾಳೆಯನ್ನು ತೋರಿಸಿದರು. ತಿನ್ನಬಾರದ, ಕುಡಿಯಬಾರದ ಪಟ್ಟಿಯಲ್ಲಿ ಮನೆಯಲ್ಲಿ ಹುಳಿ ಬರಿಸಿದ ಪಾನೀಯಗಳೂ ಇದ್ದವು. ಚಿಕ್ಕಪ್ಪ ಅದನ್ನು ಎರಡು ಸಲ ಓದಿ, ಇದು ಇಂಗ್ಲಿಷ್ ಓದಿದವರು ಬರೆದದ್ದು, ಅವರಿಗೆ ಅಂಬಲಿ ಗೊತ್ತಿಲ್ಲ ಅಂತ ತೀರ್ಪು ಕೊಟ್ಟ. ಊರಿನವರಿಗೆಲ್ಲ ಶಕ್ತಿ ಕೊಟ್ಟ ವಸ್ತು ಶಕ್ತಿ ಇಲ್ಲದವಳಿಗೆ ಬೇಡ ಅಂದರೆ ಯಾವ ನ್ಯಾಯ? ಎರಡನೇ ಸುತ್ತಿಗೆ ನಾನೂ ಬರುತ್ತೇನೆ, ಆ ಡಾಕ್ಟರಿಗೆ ನಾನೇ ತಿಳಿಸಿ ಹೇಳುತ್ತೇನೆ ಅಂದ. ಬಂದೇಬಿಟ್ಟ, ಕ್ಯಾನಿನ ಸಮೇತ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಚಿಕ್ಕಪ್ಪನನ್ನು ಕೂರಿಸಿ ಅವನ ಅಂಬಲಿ ಪುರಾಣವನ್ನು ಮುತ್ತಜ್ಜಿಯಿಂದ ಹಿಡಿದು ಕೇಳಿದರು. ನಡುವೆ ಅವನು ಕಂಡಕ್ಟರಾಗಿದ್ದ ವಿಷಯವೂ ಬಂತು. ಎಲ್ಲ ಕೇಳಿ ಆಮೇಲೆ ಒಂದು ಪ್ರಶ್ನೆ ಹಾಕಿದರು.

"ಯಜಮಾನ್ರೇ, ಹುಳಿ ಬರಿಸೋದು ಕಣ್ಣಿಗೆ ಕಾಣದ ಜೀವಗಳು, ಅದು ನಿಮಗೂ ಗೊತ್ತು. ಆ ಮಡಕೆಯೊಳಗೆ ಯಾವ್ಯಾವ ಜೀವ ಸೇರಿಕೊಂಡಿವೆ ಅಂತ ನಿಮಗೆ ಲೆಕ್ಕ ಇದೆಯಾ?"

ಚಿಕ್ಕಪ್ಪ ಯೋಚನೆ ಮಾಡಿದ. "ಅಂದ್ರೆ, ಟಿಕೆಟ್ ಇಲ್ದೋರೂ ಹತ್ಕಂಡಿರ್ಬೋದು ಅಂತೀರಿ."

"ಹತ್ತಿರಬಹುದು. ಗಾಳಿಯಿಂದ, ನೀರಿನಿಂದ, ಬಟ್ಟೆಯಿಂದ, ಹಸಿ ಈರುಳ್ಳಿಯಿಂದ."

"ಹತ್ಲಿ ಬುಡಿ. ಇಷ್ಟ್ ವರ್ಸದಿಂದ ನಾವೆಲ್ಲ ಕುಡೀತಾ ಇಲ್ವಾ? ಏನಾಗದೆ ನಮ್ಗೆ?"

"ನಿಮ್ಮ ಮೈಯೊಳಗೆ ಅಂಥವರನ್ನ ಹಿಡಿದು ಇಳಿಸೋಕೆ ಕಂಡಕ್ಟರ್ ಇದಾನೆ. ಇವರ ಮೈಯೊಳಗೆ ಈಗ ಇಲ್ಲ. ನಾವೇ ಔಷಧಿ ಕೊಟ್ಟು ಅವನಿಗೆ ರಜಾ ಹಾಕಿಸಿದೀವಿ. ನಿಮಗೆ ಒಂದು ತೇಗು ಬಂದು ಹೋಗೋದು ಇವರಿಗೆ ರಕ್ತಕ್ಕೇ ಸೇರಿಕೊಳ್ಳಬಹುದು."

ಕೀಮೋದಿಂದ ಬಿಳಿ ರಕ್ತಕಣಗಳು ಇಳಿದುಹೋಗುತ್ತವೆ, ಗಟ್ಟಿ ದೇಹಕ್ಕೆ ಒಳ್ಳೆಯದು ಮಾಡುವ ಸೂಕ್ಷ್ಮಜೀವಿಯೇ ಆಗ ಮುನಿಯಬಹುದು, ಮಡಕೆಯದಾಗಲಿ ಅಂಗಡಿಯದಾಗಲಿ ಕಾಯಿಸದ ಹುಳಿಪಾನೀಯ ಯಾವುದೂ ಬೇಡ ಅಂತ ಅವರು ನನಗೆ ಮೊದಲೇ ವಿವರಿಸಿದ್ದರು. ನಾನು ತಲೆಯಾಡಿಸಿ ಬಂದಿದ್ದೆ. ಅರ್ಥವಾದದ್ದು ಮಾತ್ರ ಅವತ್ತು, ಚಿಕ್ಕಪ್ಪನ ಮುಖ ನೋಡಿದಾಗ. ಮೂವತ್ತು ವರ್ಷ ತುಂಬಿದ ಬಸ್ಸಿನಲ್ಲಿ ಓಡಾಡಿದವನಿಗೆ, ಫುಟ್‌ಬೋರ್ಡಿನಲ್ಲಿ ಯಾರು ಹತ್ತಿದರು ಅಂತ ಯಾವ ಕಂಡಕ್ಟರಿಗೂ ಪೂರ್ತಿ ಗೊತ್ತಿರುವುದಿಲ್ಲ ಅನ್ನುವುದು ನಮಗಿಂತ ಚೆನ್ನಾಗಿ ಗೊತ್ತಿತ್ತು.

"ಎಷ್ಟ್ ದಿವ್ಸ ರಜಾ ಅವನ್ಗೆ?" ಅಂತ ಕೇಳಿದ. ಕೀಮೋ ಮುಗಿದು ರಕ್ತದ ರಿಪೋರ್ಟು ಸರಿಹೋಗುವವರೆಗೆ ಅಂದರು.

ಹೊರಗೆ ಬಂದು ಆಸ್ಪತ್ರೆಯ ಕಾಂಪೌಂಡಿನ ಪಕ್ಕದ ಹೊಂಗೆಮರದ ಬುಡಕ್ಕೆ ಕ್ಯಾನನ್ನು ಬಗ್ಗಿಸಿದ. ಐದು ಲೀಟರು. ಒಂದು ಸೌಟು ಚೆಲ್ಲಿದರೆ ಮನೆಯವರ ಮೇಲೆಲ್ಲ ಹಾರಾಡುತ್ತಿದ್ದವನು, ಕೊನೆಯ ಹನಿ ಬೀಳುವವರೆಗೆ ಕ್ಯಾನು ಹಿಡಿದು ನಿಂತಿದ್ದ.

ಈಗ ನನ್ನ ಬುದ್ಧಿವಂತಿಕೆಯ ಕಥೆ ಕೇಳಿ. ಮೂರನೇ ಸುತ್ತಿನ ಹೊತ್ತಿಗೆ ನನ್ನ ನಾಲಿಗೆ ಸತ್ತುಹೋಗಿತ್ತು. ಏನು ಬಾಯಿಗಿಟ್ಟರೂ ತಗಡು ನೆಕ್ಕಿದ ಹಾಗೆ. ಇಡ್ಲಿ ತಗಡು, ಅನ್ನ ತಗಡು, ನೀರೂ ತಗಡು. ತಿಂದದ್ದು ನಿಲ್ಲುತ್ತಿರಲಿಲ್ಲ. ಹಾಸಿಗೆಯಲ್ಲಿ ಮಲಗಿ ನನಗೆ ಹಗಲೂ ರಾತ್ರಿ ಒಂದೇ ಆಸೆ: ಆ ಮಡಕೆಯ ಅಂಬಲಿ, ಒಂದು ಲೋಟ. ಚಿಕ್ಕವಳಿದ್ದಾಗ ಮೂಗು ಹಿಡಿದುಕೊಂಡು ಕುಡಿದದ್ದು, ಅವನು ತಿರುಗಿದಾಗ ದಾಸವಾಳದ ಗಿಡಕ್ಕೆ ಚೆಲ್ಲಿದ್ದು! ಆ ಹುಳಿ ಒಂದಾದರೂ ನನ್ನ ನಾಲಿಗೆಗೆ ಗೊತ್ತಾದೀತು ಅನ್ನಿಸಿತು. ಫೋನು ಮಾಡಿದೆ. ಒಂದೇ ಲೋಟ ತಂದುಕೊಡು ಅಂದೆ.

"ಆಗಕ್ಕಿಲ್ಲ" ಅಂದ.

ನನಗೆ ನಂಬಲಾಗಲಿಲ್ಲ. ಪೋಸ್ಟ್‌ಮ್ಯಾನಿಗೆ, ಲೈನ್‌ಮ್ಯಾನಿಗೆ, ಬಂಡೂರಿನ ಕುರಿಮರಿಗೆ ಅಟ್ಟಿಸಿಕೊಂಡು ಹೋಗಿ ಕುಡಿಸಿದವನು, ಜನ್ಮದಲ್ಲಿ ಮೊದಲನೇ ಸಲ ಒಬ್ಬಳು ತಾನಾಗಿ ಬೇಡಿದರೆ ಇಲ್ಲ ಅನ್ನುತ್ತಾನೆ! ಗೋಗರೆದೆ. ಅರ್ಧ ಲೋಟ ಅಂದೆ. ಊರಿಗೆಲ್ಲ ಕುಡಿಸುತ್ತೀಯ, ನಿನಗೆ ಬೇಕಾದವಳು ನಾನಲ್ಲ ಅಂತಲೂ ಅಂದುಬಿಟ್ಟೆ. ಅವನು ಫೋನು ಇಟ್ಟ. ಚಿಕ್ಕಮ್ಮನಿಗೆ ಗುಟ್ಟಾಗಿ ಮಾಡಿದೆ. ಅವಳು "ಅದೊಂದ್ ಕೇಳ್ಬ್ಯಾಡ ಕಣವ್ವ" ಅಂದಳು. ಗಂಡ ಹೆಂಡತಿ ಮಾತಾಡಿಕೊಂಡಿದ್ದಾರೆ ಅಂದುಕೊಂಡೆ. ಅಳುವೂ ಬಂತು.

ಮಾರನೆಯ ವಾರ ರಕ್ತಪರೀಕ್ಷೆಗೆ ಹೋಗಿದ್ದೆವು. ಯಜಮಾನರು ಔಷಧಿ ತರಲು ಹೋದರು. ರಸ್ತೆ ಬದಿಯ ಮರದ ಕೆಳಗೆ ಅಂಬಲಿಯ ಗಾಡಿ ನಿಂತಿತ್ತು. ಮಡಕೆ, ಮೇಲೆ ಒದ್ದೆ ಬಟ್ಟೆ, ತಟ್ಟೆಯಲ್ಲಿ ಈರುಳ್ಳಿ. ನಾನು ಲೆಕ್ಚರರ್, ಪಟ್ಟಿಯನ್ನು ಓದಿದವಳು, ಡಾಕ್ಟರ ಮುಂದೆ ತಲೆಯಾಡಿಸಿದವಳು. ಒಂದಲ್ಲ, ಎರಡು ಲೋಟ ಕುಡಿದು ಬಾಯಿ ಒರೆಸಿಕೊಂಡು ಕಾರಿನಲ್ಲಿ ಕೂತೆ. ನಿಜ ಹೇಳುತ್ತೇನೆ, ಬಹಳ ರುಚಿಯಾಗಿತ್ತು.

ಎರಡನೇ ದಿನ ಜ್ವರ ಬಂತು. ಥರ್ಮಾಮೀಟರು ಏರುತ್ತಲೇ ಹೋಯಿತು, ಹಲ್ಲು ಕಟಕಟ ಅನ್ನುವ ಚಳಿ. ಮೈಸೂರಿಗೆ ಓಡಿದೆವು. ಬಿಳಿ ಕಣಗಳು ತಳ ಕಂಡಿದ್ದವು. ಒಂಟಿ ಕೋಣೆಯಲ್ಲಿ ಐದು ದಿನ, ಎರಡು ಕೈಗೂ ಸೂಜಿ. ಎರಡನೇ ದಿನ ಬಿ.ಪಿ. ಬಿದ್ದುಹೋಗಿ ನರ್ಸುಗಳು ಓಡಾಡಿದ್ದು ಮಸುಕು ಮಸುಕಾಗಿ ನೆನಪಿದೆ. ಆ ಗಾಡಿಯಿಂದಲೇ ಬಂತೋ, ಬೇರೆಲ್ಲಿಂದಲೋ, ಡಾಕ್ಟರು ಖಚಿತವಾಗಿ ಹೇಳಲಿಲ್ಲ. ಈ ಸ್ಥಿತಿಯಲ್ಲಿ ಎಲ್ಲಿಂದ ಬೇಕಾದರೂ ಬರಬಹುದು ಅಂದರು. ಅದಕ್ಕೇ ಬೇಡ ಅಂದದ್ದು ಅಂತಲೂ ಅಂದರು.

ಚಿಕ್ಕಪ್ಪ ಐದು ದಿನವೂ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಒಳಗೆ ಬಾ ಅಂದರೂ ಬರಲಿಲ್ಲ. ಗಾಜಿನ ಕಿಟಕಿಯಿಂದ ನೋಡಿ ಹೋಗುತ್ತಿದ್ದ. ಡಿಸ್ಚಾರ್ಜ್ ಆದ ದಿನ ಅವನಿಗೊಬ್ಬನಿಗೆ ಗಾಡಿಯ ವಿಷಯ ಹೇಳಿದೆ. ಬೈಯುತ್ತಾನೆ ಅಂತ ಕಾದೆ.

"ಅಷ್ಟ್ ಆಸೆ ಆಗಿತ್ತಾ?" ಅಂದ. ಅಷ್ಟೇ.

ಅದಾಗಿ ಹತ್ತು ದಿನ ಅವನ ಸುದ್ದಿಯೇ ಇಲ್ಲ. ಹನ್ನೊಂದನೇ ದಿನ ಬೆಳಗ್ಗೆ ಬಾಗಿಲಲ್ಲಿ ನಿಂತಿದ್ದ. ಸ್ನಾನ ಮಾಡಿ ಒಗೆದ ಅಂಗಿ, ಮುಖಕ್ಕೆ ಮಾಸ್ಕು, ಕೈಯಲ್ಲಿ ಒಂದು ಸ್ಟೀಲ್ ಫ್ಲಾಸ್ಕು. ಸೀದಾ ಬಚ್ಚಲಿಗೆ ಹೋಗಿ ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆದ. ಕುದಿಯುವ ನೀರು ಹುಯ್ದು ಲೋಟ ತೊಳೆದ. ಸೋಪು ಅಂದರೆ ಹೌಹಾರುತ್ತಿದ್ದ ಮನುಷ್ಯ! ಫ್ಲಾಸ್ಕಿಗೆ ಒಂದು ಚೀಟಿ ಅಂಟಿಸಿ ದಪ್ಪ ಅಕ್ಷರದಲ್ಲಿ ಬರೆದಿದ್ದ: "ನಾನ್‌ಸ್ಟಾಪ್."

ರಾತ್ರಿ ನಿಲ್ಲದ್ದು. ಅವತ್ತೇ ಬೆಳಗ್ಗೆ ಕಾಯಿಸಿ, ಹುಣಸೆಹಣ್ಣಿನ ರಸ ಹಾಕಿ, ಆ ರಸವನ್ನೂ ಜೊತೆಗೇ ಕುದಿಸಿ, ಉಪ್ಪು ಜೀರಿಗೆ ಹಾಕಿ ಇಳಿಸಿ, ಬಿಸಿ ಇರುವಾಗಲೇ ತುಂಬಿ ತಂದದ್ದು. ಮಜ್ಜಿಗೆ ಇಲ್ಲ, ಈರುಳ್ಳಿ ಇಲ್ಲ. ಡಾಕ್ಟರಿಗೆ ಫೋನು ಮಾಡಿಸಿ ಒಂದೊಂದನ್ನೂ ಕೇಳಿ ಒಪ್ಪಿಗೆ ತೆಗೆದುಕೊಂಡಿದ್ದನಂತೆ. ನಾನು ಒಂದು ಗುಟುಕು ಕುಡಿದೆ. ಹುಳಿ ನಾಲಿಗೆಗೆ ತಾಗಿತು. ಮಡಕೆಯದರ ಹಾಗೇ ಇತ್ತು, ಆದರೆ ಅದಲ್ಲ.

"ಸ್ವಲ್ಪ ಬೇರೆ ಥರ ಇದೆ" ಅಂದೆ.

"ಹೆಣ ಕಣಮ್ಮ ಅದು, ಜೀವ ಇಲ್ಲ ಅದ್ರಲ್ಲಿ. ನಿಂದ್ ಉಳೀಲಿ, ಕುಡಿ."

ಪೂರ್ತಿ ಕುಡಿದೆ. ಅದು ಹೊಟ್ಟೆಯಲ್ಲಿ ನಿಂತಿತು. ಎಷ್ಟೋ ದಿನದ ಮೇಲೆ ಏನೋ ಒಂದು ನಿಂತಿತು. ಆಮೇಲಿನ ಮೂರು ಸುತ್ತಿನಲ್ಲೂ ನನ್ನ ಕೆಟ್ಟ ದಿನಗಳಲ್ಲೆಲ್ಲ ಅವನು ಕಿರುಗಾವಲಿನಿಂದ ಮಳವಳ್ಳಿಗೆ ಬಂದು, ಅಲ್ಲಿ ಬಸ್ಸು ಬದಲಾಯಿಸಿ, ಫ್ಲಾಸ್ಕನ್ನು ಮಡಿಲಲ್ಲಿ ಇಟ್ಟುಕೊಂಡು ಮಂಡ್ಯಕ್ಕೆ ಬಂದ. ನಾನು ಕುಡಿದ ಮೇಲೆ ಖಾಲಿ ಫ್ಲಾಸ್ಕು ಹಿಡಿದು ಮುಂದಿನ ಬಸ್ಸಿಗೆ ವಾಪಸ್ಸು. ಕೂತುಕೋ ಅಂದರೆ, ಮನೆಯಲ್ಲಿ ನೈಟ್ ಹಾಲ್ಟ್ ನೋಡಿಕೊಳ್ಳಬೇಕು ಅನ್ನುತ್ತಿದ್ದ. ಮಡಕೆಯ ಮೋಹ ಬಿಡಲಿಲ್ಲವಲ್ಲ ಇವನಿಗೆ ಅಂತ ನಾನೂ ನಮ್ಮ ಯಜಮಾನರೂ ನಗುತ್ತಿದ್ದೆವು.

ಕೀಮೋ ಮುಗಿಯಿತು. ತಿಂಗಳುಗಳು ಕಳೆದು ಕೂದಲು ಹುಲ್ಲಿನ ಹಾಗೆ ಚಿಗುರಿತು. ರಿಪೋರ್ಟು ನೋಡಿದ ಡಾಕ್ಟರು ನಕ್ಕು, ನಿಮ್ಮ ಕಂಡಕ್ಟರ್ ಡ್ಯೂಟಿಗೆ ಬಂದಿದಾನೆ, ಇನ್ನು ಚಿಕ್ಕಪ್ಪನವರ ಅಂಬಲಿ ಕುಡಿಯಬಹುದು ಅಂದರು. ಯಾರಿಗೂ ಹೇಳದೆ ಅಲ್ಲಿಂದ ಸೀದಾ ಬಸ್ಸು ಹತ್ತಿ ಕಿರುಗಾವಲಿಗೆ ಹೋದೆ. ಅವತ್ತು ಮಡಕೆಯ ತಳ ಕಾಣುವ ಹಾಗೆ ಕುಡಿಯುವುದು ಅಂತ ತೀರ್ಮಾನ ಮಾಡಿಕೊಂಡಿದ್ದೆ.

ಚಿಕ್ಕಪ್ಪ ಹಿತ್ತಿಲಲ್ಲಿದ್ದ. ನಾನು ಹೊರಗಿನಿಂದಲೇ ಕೂಗಿ ವಿಷಯ ಹೇಳಿ ಅಡಿಗೆಮನೆಗೆ ನುಗ್ಗಿದೆ. ಮಡಕೆ ಇರುತ್ತಿದ್ದ ಮೂಲೆ ಬರಿದಾಗಿತ್ತು. ಅಟ್ಟದ ಮೇಲೆ ಒಂದು ಜಾಡಿಯೂ ಇಲ್ಲ. ಮಡಕೆ ಹಿತ್ತಿಲ ಬಾಗಿಲ ಪಕ್ಕದಲ್ಲಿ ಬೋರಲು ಬಿದ್ದಿತ್ತು, ಒಣಗಿ, ಮೈಯೆಲ್ಲ ಬಿಳಚಿಕೊಂಡು. ನಾನು ಚಿಕ್ಕಮ್ಮನ ಮುಖ ನೋಡಿದೆ.

"ಅವತ್ತು ಆಸ್ಪತ್ರೆಯಿಂದ ಬಂದೋನೆ ತೊಳ್ದಾಕ್ಬುಟ್ಟ ಕಣವ್ವ" ಅಂದಳು. "ಸೋಪಾಕಿ, ಅವನೇ ಕೂತ್ಕಂಡು. ನಾನ್ ಬ್ಯಾಡ ಅಂದೆ, ಒಂದ್ ಸೌಟಾದ್ರೂ ತಗ್ದಿಡು ಅಂದೆ. ಇದ ಮುಟ್ಟಿದ್ ಕೈಲಿ ಅವ್ಳ್ ತಾವ್ಕೆ ಎಂಗೋಗ್ಲಿ ಅಂದ."

ಆಮೇಲಿನದನ್ನೆಲ್ಲ ಅವಳೇ ಹೇಳಿದಳು. ಅಟ್ಟದ ಜಾಡಿಗಳೆಲ್ಲ ತೆಂಗಿನ ಬುಡಕ್ಕೆ ಹೋದವಂತೆ. ಅವತ್ತಿನಿಂದ ಅವನು ಅಂಬಲಿ ಮುಟ್ಟಿಲ್ಲವಂತೆ. ನಾನು ಒಂದೇ ಲೋಟ ಅಂತ ಗೋಗರೆದಾಗ, ನಿನಗೆ ಬೇಕಾದವಳು ನಾನಲ್ಲ ಅಂದಾಗ, ಕೊಡಲು ಅವನ ಮನೆಯಲ್ಲಿ ಅಂಬಲಿಯೇ ಇರಲಿಲ್ಲ. ಆ ಹತ್ತು ದಿನ ಮೂರು ಹೊತ್ತೂ ಒಲೆ ಮುಂದೆ ಕೂತು, ಹೋಲಿಸಲು ಮಡಕೆಯದು ಇಲ್ಲದೆ, ಬರೀ ನಾಲಿಗೆಯ ನೆನಪಿನ ಮೇಲೆ ಹುಣಸೆಯನ್ನು ಹೆಚ್ಚು ಕಮ್ಮಿ ಮಾಡಿ ಮಾಡಿ ಚಿಕ್ಕಮ್ಮನಿಗೆ ಕುಡಿಸಿ ಅವಳ ಹೊಟ್ಟೆ ಕೆಡಿಸಿದನಂತೆ. ಮತ್ತೆ ಮನೆಯಲ್ಲಿ ನೈಟ್ ಹಾಲ್ಟ್ ನೋಡಿಕೊಳ್ಳಬೇಕು ಅನ್ನುತ್ತಿದ್ದದ್ದು? ಇನ್ನೇನು, ನನ್ನ ಮುಂದೆ ಹೆಚ್ಚು ಹೊತ್ತು ಕೂತರೆ ಅಳು ಬರುತ್ತಿತ್ತಂತೆ. ಬಸ್ಸಿನಲ್ಲಿ ಅತ್ತುಕೊಂಡು ಬರುತ್ತಿದ್ದನಂತೆ.

ಗೂಡಿನಲ್ಲಿ ಟ್ರಿಪ್ ಶೀಟಿನ ನೋಟ್‌ಬುಕ್ಕು ಇತ್ತು. ತೆಗೆದು ಹಾಳೆ ಮಗುಚಿದೆ. ಬೆಕ್ಕು, ಚಳಿ, ಹೆಂಡತಿ, ಸೋಪು, ಅವಸರ. ಆಮೇಲೆ ನನ್ನ ಎರಡನೇ ಕೀಮೋದ ತಾರೀಖು. ಹತ್ತಿದ್ದು, ಏನೂ ಇಲ್ಲ. ಇಳಿದದ್ದು, ಏನೂ ಇಲ್ಲ. ಷರಾದಲ್ಲಿ ಅದೇ ದಪ್ಪ ಅಕ್ಷರ:

"ನೈಟ್ ಹಾಲ್ಟ್ ರದ್ದು. ಕಾರಣ: ಕೂಸು."

ನನಗೆ ನಲವತ್ತಾರು ವರ್ಷ. ಮುತ್ತಜ್ಜಿಯ ಕೊನೆಯ ಹನಿಯನ್ನು ಅವನು ತೊಳೆದುಹಾಕಿದ್ದ. ನೋಟ್‌ಬುಕ್ಕು ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ, ಅತ್ತೆ.

ಹಿತ್ತಿಲಿಂದ ಚಿಕ್ಕಪ್ಪ ಕೂಗಿದ.

"ಮೇಡಮ್ಮೋ, ಬಸ್ಸಲ್ಲಿ ಬಂದಿದ್ದೀಯ, ಸೋಪಾಕಿ ಕೈ ತೊಳ್ಕಂಡ್ಯಾ?"

ಎದ್ದು ಹೋಗಿ ಮೊಣಕೈವರೆಗೆ ತೊಳೆದುಕೊಂಡೆ.